ಸಂಕಟದ ಸೇವಕ ಮತ್ತು ಅಕ್ಕನ ಪ್ರಶ್ನೆ

ಕಿವಿಯ ಹತ್ತಿರದ ಗಡ್ಡೆ ತೆಗೆದ ಮೇಲೆ ನನ್ನ ಅಕ್ಕನ ಮುಖದ ಎಡಭಾಗ ಸ್ವಾಧೀನ ತಪ್ಪಿತು. ಬಾಯಿ ವಾರೆಯಾಯಿತು. ಪ, ಬ, ಮ ಅಕ್ಷರಗಳು ಬರೀ ಗಾಳಿಯಾಗಿ ಹೊರಬರುತ್ತಿದ್ದವು. ಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ಅವಳು. ನೋಡಲು ಬಂದ ನಮ್ಮ ಚರ್ಚಿನ ಹಿರಿಯರೊಬ್ಬರು, "ದೇವರ ಹತ್ರ ಒಪ್ಕೊಳ್ಳೋದು ಏನಾದ್ರೂ ಉಳಿದಿದ್ಯಾ, ಯೋಚ್ನೆ ಮಾಡಮ್ಮ" ಎಂದು ಹೇಳಿ ಹೋದರು. ಅಂದಿನಿಂದ ಅಕ್ಕ ಬನಶಂಕರಿ ಬಡಾವಣೆಯ ತನ್ನ ಮನೆ ಬಿಟ್ಟು ಚರ್ಚಿನ ಕಡೆ ಬರಲೇ ಇಲ್ಲ.

ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಜಯನಗರದ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. "ಊಟಕ್ಕಾದ್ರೂ ಬಾ" ಎಂದು ಕರೆದೆ. ಬಂದಳು. ಸೆರಗನ್ನು ಕೆನ್ನೆಗೆ ಹಿಡಿದು, ಅಡುಗೆಮನೆ ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡಳು.

ಅಂದಿನ ಬೈಬಲ್ ಪಾಠ, ಹೀಬ್ರೂ ಪ್ರವಾದಿ ಹೇಳಿದ ಸಂಕಟದ ಸೇವಕನದು. ನೋಡಲು ಚಂದವಿಲ್ಲದವನು, ಕಂಡವರೆಲ್ಲ ಮುಖ ತಿರುಗಿಸಿಕೊಂಡವನು. ಸಭೆಗೆ ಹೊಸದಾಗಿ ಬಂದಿದ್ದ ಪಾದ್ರಿಯವರು, ನಾವು ಅಯ್ಯನವರು ಎನ್ನುತ್ತೇವೆ, "ಯೆಹೂದ್ಯರು ಹೆಚ್ಚಾಗಿ ಈ ಸೇವಕ ಅಂದ್ರೆ ನೊಂದ ತಮ್ಮ ಜನಾಂಗವೇ ಅಂತ ಓದ್ತಾರೆ. ನಾವು ಅವನಲ್ಲಿ ಶಿಲುಬೆಗೆ ಹೋದ ಕ್ರಿಸ್ತನನ್ನ ಕಾಣ್ತೀವಿ" ಎಂದು ವಿವರಿಸಿದರು.

ಅಕ್ಕ ಕುಳಿತಲ್ಲಿಂದಲೇ ಕೇಳಿದಳು. "ಅಯ್ಯನವರೇ, ದೇವರೇ ಅವನನ್ನ ಹೊಡೆದ ಅಂತ ಅಲ್ಲಿದೆಯಲ್ಲ. ಹಾಗಾದ್ರೆ ನೋವು ಅಂದ್ರೆ ಶಿಕ್ಷೆನೇನಾ?"

ಎಲ್ಲರೂ ಅತ್ತ ತಿರುಗಿದರು. ಅಯ್ಯನವರು ಆ ಸಾಲಿನ ಮೇಲೆ ಬೆರಳಿಟ್ಟು ತಮ್ಮಷ್ಟಕ್ಕೆ ಇನ್ನೊಮ್ಮೆ ಓದಿಕೊಂಡರು.

"‘ನಾವು ಹಾಗೆ ಅಂದ್ಕೊಂಡಿದ್ವಿ’ ಅಂತ ಇದೆ, ಅಮ್ಮ. ಅದು ನೋಡ್ತಾ ನಿಂತವರ ಮಾತು. ಅವನು ತನ್ನ ತಪ್ಪಿಗೆ ಅನುಭವಿಸ್ತಿದಾನೆ ಅಂತ ತಿಳ್ಕೊಂಡಿದ್ರು. ಆಮೇಲೆ, ಇಲ್ಲ, ಅವನು ಹೊತ್ತಿದ್ದು ನಮ್ಮ ನೋವು ಅಂತ ಅವರೇ ಹೇಳ್ತಾರೆ."

"ಅಂದ್ರೆ ತಪ್ಪು ತಿಳ್ಕೊಂಡಿದ್ದು ನೋಡಿದವರು."

"ಹೌದಮ್ಮ."

ಊಟದ ಹೊತ್ತಿಗೆ, ಕೂಟಕ್ಕೆ ಬಂದಿದ್ದ ಆ ಹಿರಿಯರು ತಟ್ಟೆ ಹಿಡಿದು ಅಕ್ಕನ ಪಕ್ಕ ಬಂದು ಕೂತರು. "ನಾನು ಅವತ್ತು ಹಾಗನ್ನಬಾರದಿತ್ತು" ಎಂದರು. ಅಕ್ಕ ಅವರ ತಟ್ಟೆಗೆ ಪಲ್ಯ ಬಡಿಸಿದಳು. ಸೆರಗು ಆಗಲೇ ಕೆನ್ನೆಯಿಂದ ಜಾರಿತ್ತು.

ಹೊರಡುವಾಗ ಅಯ್ಯನವರು ಅಕ್ಕನನ್ನು ನೋಡಿ, "ಶುಭ ಶುಕ್ರವಾರ ಚರ್ಚಲ್ಲಿ ಇದೇ ಭಾಗ ನೀವು ಓದ್ತೀರಾ?" ಎಂದರು.

"ನನ್ನ ಮಾತು ಯಾರಿಗೆ ಅರ್ಥ ಆಗತ್ತೆ?"

"ನಿಧಾನವಾಗಿ ಓದಿ. ಕಾಯ್ತೀವಿ."

ಅವಳು ದಿನವೂ ಫೋನಿನಲ್ಲಿ ನನಗೆ ಓದಿ ಒಪ್ಪಿಸಿದಳು. ಆ ಶುಕ್ರವಾರ ತುಟಿಯ ಅಂಚನ್ನು ಬೆರಳಿಂದ ಒತ್ತಿ ಹಿಡಿದು, ತಡೆದು ತಡೆದು ಕೊನೆಯವರೆಗೂ ಓದಿದಳು. ಕೆಲವು ಪದ ತಿಳಿಯಲಿಲ್ಲ. ಯಾರೂ ಕದಲಲಿಲ್ಲ. ಆರಾಧನೆ ಮುಗಿದು ಹೊರಗೆ ಆ ದಿನದ ವಾಡಿಕೆಯ ಗಂಜಿ ಕುಡಿಯುವಾಗ ನನ್ನನ್ನು ಕೇಳಿದಳು, "ಈಸ್ಟರ್‌ಗೆ ಯಾವ ಸೀರೆ ಉಡ್ತೀಯೇ?"