ಜಪಸರದ ಗುಂಪಿಗೆ ಹೋದ ಕೀ

ರಜೆಯ ಶುಕ್ರವಾರ, ಬೆಳಗಿನ ಐದೂವರೆ. ಕೊಲ್ಲಿ ನಾಡಿನ ರಾಸ್ ಅಲ್ ಖೋರ್‌ನ ಗ್ಯಾರೇಜುಗಳು ಇನ್ನೂ ಶಟರ್ ಎತ್ತಿಲ್ಲ. ವಾಹನಗಳ ಬಿಡಿಭಾಗ ಮಾರುವ ಮಳಿಗೆಯೊಂದರ ಮಹಡಿಯಲ್ಲಿ ಕಾನ್ರಾಡ್ ಶಿಲುಬೆಯ ಗುರುತು ಹಾಕಿಕೊಂಡು ಲ್ಯಾಪ್‌ಟಾಪ್ ತೆರೆಯುತ್ತಾರೆ. ಒಂಬತ್ತಕ್ಕೆ ಬಲಿಪೂಜೆ. ಫೋನಿನ ಕಾಟವಿಲ್ಲದೆ ಒಂದು ಪೂಜೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿ ಅವರಿಗೆ ನಾಲ್ಕು ವರ್ಷವಾಯಿತು.

ಮಳಿಗೆಯ ದಾಸ್ತಾನಿನ ವಿವರವೆಲ್ಲ ಇರುವುದು ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರಿನಲ್ಲಿ. ಶಿರ್ವದಿಂದ ಬಂದು, ಹೋಟೆಲಿನ ರಿಸೆಪ್ಶನ್‌ನಲ್ಲಿ ನಿಂತು, ಬಿಡುವಿನಲ್ಲಿ ಈ ವಿದ್ಯೆ ಕಲಿತ ಕಾನ್ರಾಡ್ ಅದರ ದ್ವಾರಪಾಲಕ. ದಿನಕ್ಕೆ ಹನ್ನೊಂದು ಸಾವಿರ ಸಲ ಯಾರು ಯಾರೋ ಅದರ ಪಾಸ್‌ವರ್ಡ್ ಊಹಿಸಿ ನೋಡುತ್ತಾರೆ. ಹೊರಗಿನವರು ಊಹಿಸುವುದು, ಒಳಗಿನ ಒಂಬತ್ತು ಮಂದಿ ಮರೆಯುವುದು. ಮರೆತವರ ಫೋನು ಬರುವುದು ಸರಿಯಾಗಿ ಪ್ರವಚನದ ಹೊತ್ತಿಗೆ.

ಅದಕ್ಕೇ ಕಳೆದ ವಾರ ಪಾಸ್‌ವರ್ಡಿನ ದಾರಿಯನ್ನೇ ಮುಚ್ಚಿ, ಪ್ರತಿಯೊಬ್ಬರಿಗೂ ಎಸ್‌ಎಸ್‌ಎಚ್ ಕೀ ಮಾಡಿಕೊಟ್ಟರು. ಜೋಡಿಯಾಗಿ ಹುಟ್ಟುವ ಎರಡು ಕಡತಗಳು. ಒಂದು ಬೀಗದ ಹಾಗೆ ಸರ್ವರಿನಲ್ಲಿ, ಅಂದರೆ ಆ ಬಾಡಿಗೆ ಕಂಪ್ಯೂಟರಿನಲ್ಲಿ; ಯಾರು ನೋಡಿದರೂ ಚಿಂತೆಯಿಲ್ಲ. ಅದನ್ನು ತೆರೆಯುವ ಇನ್ನೊಂದು ಅವರವರ ಲ್ಯಾಪ್‌ಟಾಪಿನಲ್ಲಿ, ಯಾರೂ ನೋಡಬಾರದು.

"ಕಟ್ಟಿಕೊಂಡವರಿಗೂ ತೋರಿಸ್ಬೇಡಿ ಅಂತ ಹೇಳಿದ್ದೆ ಮಾರಾಯ್ರೆ," ಎನ್ನುತ್ತಾರೆ ಕಾನ್ರಾಡ್.

ಕೌಂಟರಿನ ವೆಲಿಟಾ ಗಂಡನಿಗೆ ತೋರಿಸಲಿಲ್ಲ. ಲ್ಯಾಪ್‌ಟಾಪ್ ಕೆಟ್ಟರೆ ಗತಿಯೇನು ಎಂದು ಹೆದರಿ, ನಿನ್ನೆ ಸಂಜೆ ಆ ಗುಟ್ಟಿನ ಕಡತವನ್ನು ನಕಲು ಮಾಡಿ ಕಾನ್ರಾಡ್‌ಗೆ ವಾಟ್ಸಾಪ್ ಮಾಡಲು ಹೋದರು. ಬೆರಳು ತಪ್ಪಿ, ಅದು ಇಬ್ಬರೂ ಇರುವ, ಮಣಿ ಎಣಿಸಿ ಪ್ರಾರ್ಥಿಸುವವರ ಜಪಸರದ ಗುಂಪಿಗೆ ಹೋಯಿತು. ಇಪ್ಪತ್ತೇಳು ಸಾಲು, ತಲೆಬುಡ ತಿಳಿಯದ ಅಕ್ಷರಗಳು. ನಲವತ್ತು ಮಂದಿ "ಆಮೆನ್" ಎಂದರು. ಬನಿಯಾಸ್‌ನ ಬೆಟ್ಟಿ ಬಾಯಿ, "ಲ್ಯಾಟಿನ್ ಅಲ್ವಾ? ಸಣ್ಣದಿರುವಾಗ ಕೇಳಿದ ಹಾಗೆ ಉಂಟು," ಎಂದು ಬರೆದು ಊರಿನ ಮೂರು ಗುಂಪುಗಳಿಗೂ ಹಂಚಿದರು.

ವೆಲಿಟಾ ಈಗ ಫೋನಿನಲ್ಲಿ ಅಳುತ್ತಿದ್ದಾರೆ. "ಎಲ್ಲರಿಗೂ ಡಿಲೀಟ್ ಮಾಡ್ಲಿಕ್ಕೆ ಹೇಳ್ಲಾ?"

"ಬೇಡ ಬಾಯಿ. ಪ್ರಾರ್ಥನೆ ಡಿಲೀಟ್ ಮಾಡ್ಲಿಕ್ಕೆ ಯಾರು ಧೈರ್ಯ ಮಾಡ್ತಾರೆ? ಇಲ್ಲಿಂದ ನಾನೇ ಅಳಿಸ್ತೇನೆ."

ಯಾರನ್ನು ಒಳಬಿಡಬೇಕೆಂಬ ಸರ್ವರಿನ ಪಟ್ಟಿಯಲ್ಲಿ ವೆಲಿಟಾ ಪಾಲಿಗೆ ಒಂದೇ ಸಾಲು. ಅದನ್ನು ಅಳಿಸಿದರೆ ಊರು ಸುತ್ತಿದ ಕೀ ನಿಷ್ಪ್ರಯೋಜಕ. ಕೈತಪ್ಪಿ ತಮ್ಮದೇ ಸಾಲು ಅಳಿಸಿದರೆ ಕಾನ್ರಾಡ್ ಹೊರಗೆ, ನಾಳೆ ಮಳಿಗೆಗೆ ಬೀಗ. ಆದ್ದರಿಂದ ತಪ್ಪಾದರೆ ತಿದ್ದಲಿಕ್ಕೆಂದು ಪರದೆಯಲ್ಲಿ ತೆರೆದಿರುವ ಕಿಟಕಿಯನ್ನು ಮುಚ್ಚದೆ, ಸಾಲು ಅಳಿಸಿ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಒಳಹೊಕ್ಕು ನೋಡುತ್ತಾರೆ. ದೇವರು ದೊಡ್ಡವನು, ಬಾಗಿಲು ತೆರೆಯುತ್ತದೆ. ಆಮೇಲೆ, ನಿನ್ನೆಯಿಂದ ಯಾರಾದರೂ ನುಸುಳಿದ್ದಾರೆಯೇ ಎಂದು ದಾಖಲೆಯನ್ನು ಸಾಲುಸಾಲಾಗಿ ಓದುತ್ತಾರೆ. ಯಾರೂ ಇಲ್ಲ.

ಎಂಟೂವರೆಗೆ, ಸುದ್ದಿ ತಿಳಿದ ಮಾಲೀಕ ಇದಿನಬ್ಬರ ಫೋನು. "ಕಾನ್ರಾಡೇ, ಕೆಲಸ ಖಲಾಸಾ?"

"ಖಲಾಸ್ ಹಾಜಿ."

"ಎಂತ ಮಾಡಿದ್ದು?"

"ಒಂದು ಸಾಲು ಅಳಿಸಿದ್ದು."

"ಅದಕ್ಕೆ ಮೂರು ಗಂಟೆಯಾ!"

ಇಗರ್ಜಿಯಲ್ಲಿ ಕಾನ್ರಾಡ್ ಕೊನೆಯ ಬೆಂಚಿನಲ್ಲಿ. ಪ್ರವಚನ ಮುಗಿಯುತ್ತದೆ, ಪರಮಪ್ರಸಾದ, ಕಡೆಯ ಗೀತೆ. ಒಂದು ಕರೆಯೂ ಬರುವುದಿಲ್ಲ. ಅಂಗಳಕ್ಕೆ ಬಂದು ಫೋನ್ ತೆಗೆದರೆ ಗುಂಪಿನಲ್ಲಿ ಬೆಟ್ಟಿ ಬಾಯಿಯ ಸಂದೇಶ: "ವೆಲಿಟಾ, ಆ ಪ್ರಾರ್ಥನೆ ಹೇಳಿದ ಮೇಲೆ ಮೊಣಕಾಲು ನೋವು ಅರ್ಧ ಕಡಿಮೆ. ಮುಂದಿನ ಭಾಗ ಇದ್ರೆ ಕಳಿಸು."

ಕಾನ್ರಾಡ್ ಓದಿ, ಫೋನನ್ನು ಮೆಲ್ಲಗೆ ಜೇಬಿಗಿಳಿಸಿ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ: "ಆ ಕೀಯಲ್ಲಿ ಇನ್ನು ಯಾವ ಬಾಗಿಲೂ ತೆರೆಯುದಿಲ್ಲ. ಮೊಣಕಾಲು ಬಗ್ಗುದಾದ್ರೆ ಬಗ್ಗಲಿ."