ಜೋಪಾನಕ್ಕ ಬಚ್ಚಿಟ್ಟ ಗೊಂಚಲು

ಆ ಮನೆಯ ಹಿರಿಸೊಸೆಗೆ ತೋಟದವರೆಲ್ಲ ಸೇರಿ ಇಟ್ಟ ಹೆಸರು ಜೋಪಾನಕ್ಕ. ಹಿಡಿ ಮುರಿದ ಲೋಟ, ಮುಚ್ಚಳ ಕಳೆದ ಡಬ್ಬಿ, ಗೇಣುದ್ದದ ದಾರ, ಯಾವುದನ್ನೂ ಎಸೆಯಲು ಆಕೆಗೆ ಕೈ ಬಾರದು. ಇದರಿಂದ ಮನೆಯೊಳಗೆ ಕೇಡೇನೂ ಆಗಿರಲಿಲ್ಲ. ಕೇಡಾದದ್ದು ದ್ರಾಕ್ಷಿ ಚಪ್ಪರದ ಕೆಳಗೆ.

ಬಳ್ಳಿ ಹೊರಲಾರದಷ್ಟು ಗೊಂಚಲು ಬಿಟ್ಟರೆ, ಕಾಯಿ ಇನ್ನೂ ಮೆಣಸಿನ ಕಾಳಿನಷ್ಟಿರುವಾಗಲೇ ಹೆಚ್ಚಿನವನ್ನು ಕತ್ತರಿಸಿ ತೆಗೆಯಬೇಕು. ಹೋದ ಬೆಳೆಯಲ್ಲಿ ಜೋಪಾನಕ್ಕ 'ಇದೊಂದು ಇರಲಿ, ಅದೊಂದು ಇರಲಿ' ಎನ್ನುತ್ತಲೇ ತನ್ನ ಪಾಲಿನ ಸಾಲು ಮುಗಿಸಿದ್ದಳು. ಆ ಸಾಲಿನ ತುಂಬ ಹಣ್ಣು ತೂಗಿತು. ಒಂದಕ್ಕೂ ಬಣ್ಣ ಏರಲಿಲ್ಲ, ಹುಳಿ ಇಳಿಯಲಿಲ್ಲ. ವ್ಯಾಪಾರಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಬಂದ ದಾರಿ ಹಿಡಿದ.

"ಈ ಸಲವೂ ಹಿಂಗೇ ಆದ್ರೆ ಬಳ್ಳಿ ಕಿತ್ತು ಬೇರೆ ಏನಾದ್ರೂ ಹಾಕೋಣ" ಎಂದುಬಿಟ್ಟರು ಮಾವ.

ಅವು ಜೋಪಾನಕ್ಕ ಸಸಿಯಿಂದ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಬಳ್ಳಿಗಳು.

ಉಪಾಯ ಹೇಳಿದವಳು ವಾರಗಿತ್ತಿ. "ಅಕ್ಕಾ, ಸಾಲು ಅದಲು ಬದಲು ಮಾಡ್ಕೊಳ್ಳೋಣ. ನಿನ್ನದಕ್ಕೆ ನಾನು, ನನ್ನದಕ್ಕೆ ನೀನು."

ಹಾಗೇ ಆಯಿತು. ವಾರಗಿತ್ತಿಯ ಸಾಲಿನಲ್ಲಿ ಜೋಪಾನಕ್ಕನ ಕತ್ತರಿ ಸರಸರ ಓಡಿತು.

"ನನ್ನ ಬಳ್ಳಿ ಅಂದ್ರೆ ಒಂಚೂರೂ ಕನಿಕರ ಇಲ್ವಾ ನಿಂಗೆ?" ಪಕ್ಕದ ಸಾಲಿನಿಂದ ವಾರಗಿತ್ತಿ ಕೇಳಿದಳು.

"ನೀನೇ ತಾನೆ ಕತ್ತರಿಸು ಅಂದಿದ್ದು? ಈಗ್ಯಾಕೆ ಗೊಣಗ್ತೀಯ?"

ಸ್ವಲ್ಪ ಹೊತ್ತಿಗೆ ಆ ಕಡೆಯ ಕತ್ತರಿ ಸದ್ದು ನಿಂತಿತು.

"ಅಕ್ಕಾ, ಇಲ್ಲಿ ಬಾ. ನಿನ್ನ ಗಂಟು ಸಿಕ್ತು."

ಎಲೆಗಳ ಮರೆಯಲ್ಲಿ ಎರಡು ಗೊಂಚಲುಗಳನ್ನು ಮೇಲಕ್ಕೆತ್ತಿ ದಾರದಿಂದ ತಂತಿಗೆ ಕಟ್ಟಲಾಗಿತ್ತು. ದಾರ ಯಾರದೆಂದು ಕೇಳಬೇಕಾಗಿರಲಿಲ್ಲ.

"ಯಾವಾಗ ಕಟ್ಟಿದ್ದು?"

"ಬೆಳಿಗ್ಗೆ, ನೀನು ಬರೋಕೆ ಮುಂಚೆ" ಎಂದಳು ಜೋಪಾನಕ್ಕ, ನೆಲ ನೋಡುತ್ತ. "ಚೆನ್ನಾಗಿದ್ವು ಕಣೇ."

"ಹೋದ ಸಲವೂ ಎಲ್ಲಾ ಚೆನ್ನಾಗೇ ಇದ್ವು." ವಾರಗಿತ್ತಿ ಕತ್ತರಿ ಎತ್ತಲಿಲ್ಲ. "ಇವನ್ನ ನಾನು ಮುಟ್ಟಲ್ಲ. ನೀನೇ ತೆಗಿ."

ಜೋಪಾನಕ್ಕ ಮೊದಲು ದಾರ ಬಿಚ್ಚಿ, ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಒಂದು ಗೊಂಚಲನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ ಕತ್ತರಿ ಹಾಕಿದಳು. ಗೊಂಚಲು ಕಾಲ ಬಳಿ ಬಿತ್ತು. ಎರಡನೆಯದಕ್ಕೆ ಅಷ್ಟು ಹೊತ್ತು ಹಿಡಿಯಲಿಲ್ಲ.

ಉಳಿದ ಗೊಂಚಲುಗಳು ದಿನೇ ದಿನೇ ತುಂಬಿಕೊಂಡು ಕಪ್ಪಾದವು. ಒಂದು ಬೆಳಿಗ್ಗೆ ಮಾವ ಹಣ್ಣೊಂದನ್ನು ಬಾಯಿಗೆ ಹಾಕಿ, ಇನ್ನೊಂದು ಕಿತ್ತುಕೊಂಡರು. ಮಧ್ಯಾಹ್ನ ನೋಡಿದರೆ ಚಪ್ಪರದ ಮೂಲೆಯಲ್ಲಿ ವಾಲಿದ್ದ ಕಂಬ ತೆಗೆದು ಹೊಸದನ್ನು ನೆಡುತ್ತಿದ್ದಾರೆ. ಕಿತ್ತುಹಾಕುವ ತೋಟಕ್ಕೆ ಯಾರು ಹೊಸ ಕಂಬ ನೆಡುತ್ತಾರೆ? ಜೋಪಾನಕ್ಕನ ಎದೆ ಹಗುರಾಯಿತು.

"ಮಾವ," ಎಂದಳು, "ಆ ಹಳೇ ಕಂಬ ಎಸೀಬೇಡಿ."