ಸಂಕಪ್ಪಣ್ಣನ ಮೂರು ಬೆಡಿಗಳು

ನಾನು ಬಂದೂಕು ಹಿಡಿದು ಹೊಡೆದದ್ದು ಒಂದೇ ಸಲ, ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ. ಐದು ಗುಂಡು ಕೊಟ್ಟಿದ್ದರು, ಐದನ್ನೂ ಹೊಡೆದೆ. ನನ್ನ ಹಲಗೆಯಲ್ಲಿ ಒಂದು ತೂತೂ ಇರಲಿಲ್ಲ. ಪಕ್ಕದವನ ಹಲಗೆಯಲ್ಲಿ ಎಂಟು ತೂತುಗಳಿದ್ದವು, ಅವನಿಗೆ ಬಹುಮಾನವೂ ಬಂತು. ಇಷ್ಟೇ ಅನುಭವವಾದರೂ ಉರ್ವದ ನಮ್ಮ ಬಾಡಿಗೆ ಮನೆಗಳ ಸಾಲಿನಲ್ಲಿ ಬಂದೂಕಿನ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನೂ ಆ ಮುಖವನ್ನು ಸ್ವಲ್ಪ ಗಂಭೀರ ಮಾಡಿಕೊಳ್ಳುತ್ತಿದ್ದೆ. ಹಾಗೆ ಮಾಡದೆ ಇದ್ದಿದ್ದರೆ ಈ ಕಥೆ ಬೇರೆ ರೀತಿ ಆಗುತ್ತಿತ್ತೋ ಏನೋ.

ಪಕ್ಕದ ಮನೆಯಲ್ಲಿದ್ದವರು ಸಂಕಪ್ಪ ಶೆಟ್ಟರು. ನಮಗೆಲ್ಲ ಸಂಕಪ್ಪಣ್ಣ. ಅವರ ತಂದೆಯ ಕಾಲಕ್ಕೆ ಊರಲ್ಲಿ ಗದ್ದೆ ಇತ್ತು, ಚಾವಡಿಯ ಗೋಡೆಯಲ್ಲಿ ಒಂದು ಕೋವಿ ತೂಗುತ್ತಿತ್ತು. ಭೂಮಸೂದೆಯಲ್ಲಿ ಗದ್ದೆ ಗೇಣಿಯವರಿಗೆ ಹೋಯಿತು. ಕೋವಿ ದೊಡ್ಡಣ್ಣನಿಗೆ ಹೋಯಿತು. "ನನ್ನ ಪಾಲಿಗೆ ಬಂದದ್ದು ಕೋವಿ ತೂಗಿಸಿದ ಮೊಳೆ" ಎಂದು ಅವರು ನಗುತ್ತಿದ್ದರು. ತಮಾಷೆಗೆ ಹೇಳಿದ್ದಲ್ಲ, ಆ ಮೊಳೆಯನ್ನು ನಿಜವಾಗಿಯೂ ಕಿತ್ತು ತಂದು ಉರ್ವದ ಮನೆಯ ಜಗಲಿಯಲ್ಲಿ ಹೊಡೆದಿದ್ದರು. ತೂಗಿಸಲು ಏನೂ ಇರಲಿಲ್ಲವಾದ್ದರಿಂದ ಅದರಲ್ಲಿ ಕೊಡೆ ತೂಗುತ್ತಿತ್ತು.

ವಾರದ ದಿನಗಳಲ್ಲಿ ಅವರು ಉರ್ವ ಮಾರ್ಕೆಟ್ಟಿನ ತೆಂಗಿನಕಾಯಿ ಅಂಗಡಿಯಲ್ಲಿ ಕೂರುತ್ತಿದ್ದರು. ಹೆಂಡತಿ ಉಮಾವತಿಯಕ್ಕ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಮಕ್ಕಳಿರಲಿಲ್ಲ. ಇಪ್ಪತ್ತು ವರ್ಷ ಹೊಗೆಸೊಪ್ಪಿನ ಧೂಳು ಕುಡಿದ ಉಮಾವತಿಯಕ್ಕನ ಎದೆ, ಮಾತಿನ ನಡುವೆ ಹಳೆ ಬಾಗಿಲಿನ ಹಾಗೆ ಒಂದು ಸಣ್ಣ ಸದ್ದು ಮಾಡುತ್ತಿತ್ತು. ಈ ಬೀಡಿಯಿಂದ ಅವರನ್ನು ಬಿಡಿಸಬೇಕೆಂದೇ ಸಂಕಪ್ಪಣ್ಣ ೧೯೭೮ರಲ್ಲಿ ಒಂದು ಉಪಾಯ ಮಾಡಿದರು: ಭಾನುವಾರ ಮತ್ತು ರಜಾದಿನಗಳಲ್ಲಿ ಉಳ್ಳಾಲದ ಕಡಲಕರೆಯಲ್ಲಿ ಬಲೂನಿಗೆ ಗುಂಡು ಹೊಡೆಸುವ ಆಟ. ಹಲಗೆಗೆ ಬಲೂನು ಕಟ್ಟುವುದು, ಬಂದವರಿಗೆ ಏರ್‌ಗನ್ ಬಾಡಿಗೆಗೆ ಕೊಡುವುದು. ತುಳುವಿನಲ್ಲಿ ಬಂದೂಕಿಗೆ ಬೆಡಿ ಎನ್ನುತ್ತಾರೆ. ಬೋರ್ಡು ಬರೆದವನು ಘಟ್ಟದ ಮೇಲಿನವನಾದ್ದರಿಂದ 'ಇಲ್ಲಿ ಬೇಡಿ ಬಾಡಿಗೆಗೆ ದೊರೆಯುತ್ತದೆ' ಎಂದು ಬರೆದುಬಿಟ್ಟ. ಕೈಗೆ ಹಾಕುವ ಬೇಡಿಯನ್ನು ಬಾಡಿಗೆಗೆ ಪಡೆಯಲು ಯಾರು ಬರುತ್ತಾರೆಂದು ನಾನು ತಕರಾರು ತೆಗೆದೆ.

"ಇರ್ಲಿ ಭಟ್ರೇ" ಎಂದರು ಉಮಾವತಿಯಕ್ಕ. "ನನ್ನದು ಬೀಡಿ, ಇವರದು ಬೆಡಿ, ಬೋರ್ಡಿನಲ್ಲಿ ಬೇಡಿ. ಮೂರೂ ಒಂದೇ ಮನೆಯವು. ಓದುವವರು ಬೇಕಾದ ಹಾಗೆ ಓದ್ಲಿ."

ಸರಕಾರಿ ಆಸ್ಪತ್ರೆಯ ಡಾಕ್ಟರು ಮಾತ್ರ ಖಡಾಖಂಡಿತ ಹೇಳಿದ್ದರು: ಈಕೆ ಬಲೂನಿಗೆ ಬಾಯಿ ಇಡಬಾರದು, ಒಲೆಯನ್ನೂ ಊದಬಾರದು. ಆದ್ದರಿಂದ ಸಂಕಪ್ಪಣ್ಣ ಬೆಡಿಗಿಂತ ಮೊದಲು ಕೊಂಡದ್ದು ಒಂದು ಸೈಕಲ್ ಪಂಪು. ಅದರ ತುದಿಗೆ ರಬ್ಬರ್ ನಳಿಗೆ ಸಿಕ್ಕಿಸಿ ಬಲೂನಿಗೆ ಗಾಳಿ ತುಂಬುವ ಹಾಗೆ ಮಾಡಿದರು. ಉಮಾವತಿಯಕ್ಕ ಮರದ ಪೆಟ್ಟಿಗೆಯ ಮೇಲೆ ಕುಳಿತು ಪಂಪು ಒತ್ತಿ, ಬಲೂನಿನ ಬಾಯಿಗೆ ನೂಲು ಸುತ್ತಿ ಹಲಗೆಗೆ ಕಟ್ಟಬೇಕು. ಅಷ್ಟೇ ಕೆಲಸ.

ಬೆಡಿ ಆರಿಸಲು ಹಂಪನಕಟ್ಟೆಯ ಬಾಸಿಲ್ ಎಂಬವರ ಅಂಗಡಿಗೆ ನನ್ನನ್ನು ಕರೆದೊಯ್ದರು. ತಜ್ಞನೆಂದು ಕರೆದದ್ದು ಎಂದುಕೊಂಡು ನಾನು ಇಸ್ತ್ರಿ ಅಂಗಿ ಹಾಕಿ ಹೋದೆ. ಬಾಸಿಲ್ ಮೂರು ಬಗೆ ತೆಗೆದಿಟ್ಟರು. ಒಂದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಕೈಗೆ ಹಗುರ. ಒಂದು ನಡುವಿನದು. ಮೂರನೆಯದು ಒನಕೆಯಷ್ಟು ಭಾರ, ಬಣ್ಣವೂ ಒನಕೆಯದೇ.

"ಹೊಳೆಯುವುದನ್ನು ತೆಕ್ಕೊಳ್ಳಿ ಶೆಟ್ರೆ. ಜನ ನೋಡಿಯೇ ಬರ್ತಾರೆ" ಎಂದರು ಬಾಸಿಲ್.

"ಜನ ಬರ್ತಾರೆ. ಬಂದು ಎಂತ ಮಾಡ್ತಾರೆ?" ಎಂದರು ಸಂಕಪ್ಪಣ್ಣ. "ಸ್ವಂತದ್ದಾದ್ರೆ ಒರೆಸಿ ಇಡ್ತಾರೆ. ಬಾಡಿಗೆಯದ್ದನ್ನು ಕಡಲಕರೆಯ ಹೊಯಿಗೆಯಲ್ಲಿ ಊರಿ, ಅದಕ್ಕೇ ಒರಗಿ ನಿಂತು, ಹೆಂಡತಿಯ ಹತ್ರ ಮಾತಾಡ್ತಾರೆ. ಬೆಡಿ ಅದನ್ನೆಲ್ಲ ತಾಳ್ಬೇಕಲ್ಲ. ಭಟ್ರೇ, ನೀವು ಒಂದೊಂದೇ ಹಿಡೀರಿ ನೋಡುವ."

ಹೊಳೆಯುವುದನ್ನು ಎತ್ತಿ ಕಣ್ಣಿಗೆ ಹಿಡಿದೆ. ಗುರಿ ನೋಡುವ ಮೊಳೆ ಕಳಚಿ ನನ್ನ ಜೇಬಿಗೆ ಬಿತ್ತು. ನಡುವಿನದರ ನಳಿಗೆ ಮಡಚಿದೆ. ಎಲ್ಲೋ ಒಂದು ಸ್ಕ್ರೂ ಸಡಿಲಾಗಿ ಹಿಡಿ ಅಲ್ಲಾಡತೊಡಗಿತು. ಮೂರನೆಯದು ಕೈಜಾರಿ ನನ್ನ ಪಾದದ ಮೇಲೆ ಬಿತ್ತು. ನಾನು ಒಂಟಿ ಕಾಲಲ್ಲಿ ಕುಣಿಯುತ್ತಿರುವಾಗ ಸಂಕಪ್ಪಣ್ಣ ಬಗ್ಗಿ, ನನ್ನ ಕಾಲನ್ನು ಬಿಟ್ಟು, ಬೆಡಿಯನ್ನು ಪರೀಕ್ಷಿಸಿದರು.

"ಏನೂ ಆಗಲಿಲ್ಲ" ಎಂದು ಬಾಸಿಲ್ಲರಿಗೆ ಹೇಳಿದರು. "ಇಂಥದ್ದೇ ಮೂರು ಕೊಡಿ. ಭಟ್ರ ಕೈಯಲ್ಲಿ ಉಳಿದದ್ದು ಯಾರ ಕೈಯಲ್ಲೂ ಉಳೀತದೆ."

ಆಗ ತಿಳಿಯಿತು ನನ್ನನ್ನು ಯಾಕೆ ಕರೆದದ್ದೆಂದು.

ಬಾಸಿಲ್ ಒಂದು ಎಚ್ಚರಿಕೆ ಕೊಟ್ಟರು. ಬೆಡಿಯ ಒಳಗೆ ಗಾಳಿ ಒತ್ತುವುದಕ್ಕೆ ಚರ್ಮದ ಒಂದು ಸಣ್ಣ ವಾಶರ್ ಉಂಟು, ಅದೇ ಇದರ ಜೀವ, ಅದಕ್ಕೆ ತಾನು ಕೊಡುವ ಎಣ್ಣೆಯನ್ನೇ ತಿಂಗಳಿಗೆ ಒಂದು ಹನಿ ಬಿಡಬೇಕು. ಆ ಎಣ್ಣೆ ಮುಗಿದ ದಿನ ನಾನು ಮತ್ತೆ ತಜ್ಞನಾದೆ. ನಮ್ಮಲ್ಲಿ ತಲೆಗೆ, ದೋಸೆ ಕಾವಲಿಗೆ, ಬಾಗಿಲಿನ ತಿರುಗಣಿಗೆ, ಹೊಸ ಚಪ್ಪಲಿಯ ಚರ್ಮಕ್ಕೆ ಎಲ್ಲಕ್ಕೂ ತೆಂಗಿನೆಣ್ಣೆಯೇ. ತೆಂಗಿನಕಾಯಿ ಅಂಗಡಿಯಲ್ಲೇ ಕೂರುವವರಿಗೆ ಬೇರೆ ಎಣ್ಣೆ ಯಾಕೆ? ಸಂಕಪ್ಪಣ್ಣನಿಗೂ ಸರಿ ಕಂಡಿತು. ಎಣ್ಣೆ ಬಿಟ್ಟದ್ದೇ ತಡ, ಬೆಡಿಗಳು ಸದ್ದು ಮಾಡಿ ಹೊಡೆಯತೊಡಗಿದವು. ನಳಿಗೆಯಿಂದ ನೀಲಿ ಹೊಗೆ, ಜೊತೆಗೆ ಒಗ್ಗರಣೆಯ ಪರಿಮಳ. ಪಕ್ಕದಲ್ಲಿ ಚರುಮುರಿ ಮಾರುತ್ತಿದ್ದ ಶುಕೂರ್, "ಶೆಟ್ರೆ, ನಿಮ್ಮ ಬೆಡಿಯ ವಾಸನೆಗೆ ನನ್ನ ವ್ಯಾಪಾರ ಜಾಸ್ತಿ ಆಗ್ತಾ ಉಂಟು" ಎನ್ನುತ್ತಿದ್ದ. ನಾವು ಅದನ್ನು ಶಕ್ತಿ ಎಂದುಕೊಂಡೆವು. ಒಳಗೆ ಎಣ್ಣೆ ಹೊತ್ತಿ ಚರ್ಮ ಸುಡುತ್ತಿದೆ ಎಂದು ಬಾಸಿಲ್ ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಮರುವರ್ಷ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿನ ಹಿಂದಿನ ದಿನ, ಒಂದು ಬೆಡಿ ಸತ್ತಿತು. ಹೊಡೆದರೆ ಗುಂಡು ನಳಿಗೆಯಿಂದ ಇಣುಕಿ, ಬಲೂನನ್ನು ಕಂಡು ನಾಚಿದ ಹಾಗೆ, ಅಲ್ಲೇ ಕೆಳಗೆ ಬೀಳುತ್ತಿತ್ತು. ನಾಳೆ ಉಳ್ಳಾಲದಲ್ಲಿ ವರ್ಷದ ಅತಿ ದೊಡ್ಡ ಜನಸಂದಣಿ. ಹಬ್ಬವೆಂದು ಬಾಸಿಲ್ಲರ ಅಂಗಡಿಗೆ ಬೀಗ. ಸಂಕಪ್ಪಣ್ಣ ಜಗಲಿಯಲ್ಲಿ ಬೆಡಿಯನ್ನು ಬಿಚ್ಚಿ, ಕರಿದ ಹಪ್ಪಳದ ಹಾಗಾಗಿದ್ದ ವಾಶರನ್ನು ಅಂಗೈಯಲ್ಲಿಟ್ಟು ಕುಳಿತಿದ್ದರು. ನಾನು ಸುಮ್ಮನಿದ್ದು ಮನೆಗೆ ಹೋಗಬಹುದಿತ್ತು.

"ಸೈಕಲ್ ಪಂಪಿನ ಒಳಗೂ ಇಂಥದ್ದೇ ಚರ್ಮ ಇರ್ತದಲ್ಲ ಸಂಕಪ್ಪಣ್ಣ. ಅಳತೆ ನೋಡಿ" ಎಂದೆ.

ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನಗೆ ಎನ್‌ಸಿಸಿಯಲ್ಲಿ ತಪ್ಪಿದ ಬಹುಮಾನ ಈಗ ಬಂದಷ್ಟು ಖುಷಿಯಾಯಿತು.

"ಪಂಪಿಗೆ ಎಂತ ಹಾಕೂದು?" ಎಂದರು ಸಂಕಪ್ಪಣ್ಣ.

ಉಮಾವತಿಯಕ್ಕ ಒಳಗಿನಿಂದ, ಬೀಡಿಯ ಮೊರದ ಮುಂದಿನಿಂದಲೇ ಹೇಳಿದರು: "ಒಂದು ದಿನ ಅಲ್ವಾ. ಊದ್ತೇನೆ."

"ಡಾಕ್ಟ್ರು ಬೇಡ ಅಂದಿದ್ದಾರೆ."

"ಡಾಕ್ಟ್ರು ಉಳ್ಳಾಲಕ್ಕೆ ಬರೂದಿಲ್ಲ."

ಮರುದಿನ ನಾನೂ ಹೋಗಿದ್ದೆ. ಉಪಾಯ ಹೇಳಿದವನೆಂಬ ನಾಚಿಕೆಗೆ ಊದಲು ಕುಳಿತೆ. ಒಂದು ಬಲೂನು ಊದಿದೆ. ಎರಡನೆಯದು ಅರ್ಧವಾಗುವಾಗ ಕಣ್ಣು ಕತ್ತಲೆ ಬಂತು. ಬಲೂನು ಬಾಯಿಂದ ಜಾರಿ, ಕಿರುಚುತ್ತ ಹೋಗಿ ಶುಕೂರನ ಚರುಮುರಿಗೆ ಬಿತ್ತು. ಎಲ್ಲರೂ ನಕ್ಕರು, ಎಲ್ಲರಿಗಿಂತ ಹೆಚ್ಚು ಉಮಾವತಿಯಕ್ಕ ನಕ್ಕರು. ಆ ನಗು ಕೆಮ್ಮಾಗಿ ತಿರುಗಿ ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಸಂಜೆಯವರೆಗೆ ಊದಿದರು. ನಾನು ನೂಲು ಕಟ್ಟಿದೆ.

ಒಂದು ದಿನದ ಮಾತಾಗಿತ್ತು ಅದು. ಜನವರಿಯಲ್ಲಿ ಬಾಸಿಲ್ಲರಿಂದ ಹೊಸ ಚರ್ಮ ಬಂತು. ಅಷ್ಟರಲ್ಲಿ ಎರಡನೆಯ ಬೆಡಿ ಸತ್ತಿತ್ತು, ಅದಕ್ಕೆ ಹೋಯಿತು. ಅದರ ಮೇಲೆ ಬಂದದ್ದು ಮೂರನೆಯದಕ್ಕೆ. ನಿಂತ ಬೆಡಿ ಎದುರಿಗೆ ಕಾಣುತ್ತದೆ, ಅದರ ಮುಂದೆ ಗಿರಾಕಿ ನಿಂತು ಗೊಣಗುತ್ತಾನೆ. ಉಮಾವತಿಯಕ್ಕನ ಎದೆಯ ಮುಂದೆ ಯಾರೂ ನಿಂತು ಗೊಣಗಲಿಲ್ಲ. ಅವರೂ ಗೊಣಗಲಿಲ್ಲ. ಪಂಪು ಕೋವಿಯ ಮೊಳೆಯಲ್ಲಿ, ಕೊಡೆಯ ಜೊತೆ, ತೂಗುತ್ತ ಉಳಿಯಿತು. 'ಮುಂದಿನ ವಾರ ಅದಕ್ಕೆ ಚರ್ಮ ಹಾಕುವ' ಎಂದು ಸಂಕಪ್ಪಣ್ಣ ಹೇಳುವಾಗೆಲ್ಲ ನಿಜವಾಗಿಯೂ ಮುಂದಿನ ವಾರವನ್ನೇ ಎಣಿಸಿ ಹೇಳುತ್ತಿದ್ದರು. ಆ ವಾರ ನಾಲ್ಕು ವರ್ಷ ಬರಲಿಲ್ಲ. ಬೀಡಿಯೂ ಬಿಡಲಿಲ್ಲ. ವಾರವಿಡೀ ಬೀಡಿ, ಭಾನುವಾರ ಬಲೂನು.

ನಡುವೆ ಒಮ್ಮೆ ಬಾಸಿಲ್ಲರ ಅಂಗಡಿಯಲ್ಲಿ ಸಂಕಪ್ಪಣ್ಣ ಎದೆಯುಬ್ಬಿಸಿ ಹೇಳಿದರು: "ನಿಮ್ಮ ಅಂಗಡಿ ಮುಚ್ಚಿದ ದಿನ ಪಂಪಿನ ಚರ್ಮ ತೆಗೆದು ಬೆಡಿಗೆ ಹಾಕಿದೆ. ಕಂಪೆನಿಯವನಿಗೂ ಹೊಳೆಯಲಿಕ್ಕಿಲ್ಲ. ನನ್ನದೇ ತಲೆ." ನಾನು ಪಕ್ಕದಲ್ಲೇ ನಿಂತು ಎರಡು ಸಲ ಕೆಮ್ಮಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಜೀವನದಲ್ಲಿ ನನಗೆ ಹೊಳೆದ ಒಂದೇ ಒಂದು ಉಪಯೋಗದ ಮಾತನ್ನು ಈ ಮನುಷ್ಯ ಕಸಿದುಕೊಂಡನಲ್ಲ ಎಂದು ಒಂದು ವಾರ ಸರಿಯಾಗಿ ಮಾತಾಡಿರಲಿಲ್ಲ.

೧೯೮೩ರ ಮಳೆಗಾಲದಲ್ಲಿ ಉಮಾವತಿಯಕ್ಕನಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದೆವು. ಇದ್ದದ್ದು ಬೇರೆ ಡಾಕ್ಟರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು.

"ಬೀಡಿ" ಎಂದರು ಉಮಾವತಿಯಕ್ಕ. ಡಾಕ್ಟರು ಗೊತ್ತಿದ್ದದ್ದೇ ಎಂಬಂತೆ ಬರೆದುಕೊಂಡರು. "ಮತ್ತೆ ಬಲೂನು ಊದ್ತೇನೆ."

ಡಾಕ್ಟರು ಪೆನ್ನು ನಿಲ್ಲಿಸಿದರು. ಮೊದಲು ಉಮಾವತಿಯಕ್ಕನ ಮುಖ ನೋಡಿದರು, ಆಮೇಲೆ ಸಂಕಪ್ಪಣ್ಣನ ಮುಖ ನೋಡಿದರು. "ಎಷ್ಟು ಸಮಯದಿಂದ?" ಎಂದು ಕೇಳಿದರು. ಸಂಕಪ್ಪಣ್ಣ ನಾಲ್ಕು ಬೆರಳು ತೋರಿಸಿದರು. ಎದೆ ಹಾಳಾದದ್ದು ಹೊಗೆಸೊಪ್ಪಿನಿಂದ, ಆದರೆ ಇಂಥ ಎದೆಯಿಂದ ಯಾರಾದರೂ ಬಲೂನು ಊದಿಸುತ್ತಾರಾ ಎಂದು ಡಾಕ್ಟರು ಮೆಲ್ಲನೆ ಕೇಳಿದರು. ಬೈದಿದ್ದರೆ ವಾಸಿ ಇತ್ತು.

ನಾನು ಮರುದಿನ ಬ್ರೆಡ್ಡು ತೆಗೆದುಕೊಂಡು ಹೋದಾಗ ಉಮಾವತಿಯಕ್ಕ ದಿಂಬಿಗೆ ಒರಗಿ ಕುಳಿತಿದ್ದರು. ಒಂದೊಂದು ಮಾತಿಗೂ ನಿಲ್ಲುತ್ತಿದ್ದರು.

"ಭಟ್ರೇ, ನನ್ನ ವಾಶರ್ ಹೋಯ್ತು."

"ಹಾಗೆಲ್ಲ ಹೇಳ್ಬೇಡಿ ಅಕ್ಕ."

"ಇವರಿಗೆ ಹೇಳಿ... ತೆಂಗಿನೆಣ್ಣೆ ಬಿಡುವುದು ಬೇಡ ಅಂತ."

ನಾನು ನಕ್ಕೆ. ಅವರಿಗೆ ನಾನು ನಗುವುದು ಬೇಕಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಉಮಾವತಿಯಕ್ಕ ತೀರಿಕೊಂಡರು.

ಮಳೆ ನಿಂತು ಉಳ್ಳಾಲದಲ್ಲಿ ಮತ್ತೆ ಜನ ಸೇರತೊಡಗಿದಾಗ ಸಂಕಪ್ಪಣ್ಣ ನನ್ನನ್ನು ಕರೆದರು. ಆಟವನ್ನು ಶುಕೂರನಿಗೆ ಕೊಟ್ಟುಬಿಡುತ್ತೇನೆ, ಜೊತೆಗೆ ಬನ್ನಿ ಎಂದರು. ಬೆಡಿಗಳ ಕಟ್ಟನ್ನು ಅವರು ಹೊತ್ತರು, ಪಂಪನ್ನು ನನ್ನ ಕೈಗೆ ಕೊಟ್ಟರು. ಅದಕ್ಕೆ ಹೊಸ ಚರ್ಮ ಹಾಕಿದ್ದರು.

ಶುಕೂರ್ ಮೂರು ಬೆಡಿಗಳನ್ನೂ ಮಡಚಿ, ಬಿಡಿಸಿ, ಒಂದೊಂದು ಹೊಡೆದು ನೋಡಿದ. "ಗಟ್ಟಿ ಉಂಟು ಶೆಟ್ರೆ. ಇನ್ನೂ ಎಷ್ಟು ವರ್ಷ ಬರಬಹುದು?"

"ನೀನು ಇರುವವರೆಗೆ ಬರ್ತದೆ. ಭಟ್ರು ಬೀಳಿಸಿ ಆರಿಸಿದ್ದು."

"ಇದೆಂತಕ್ಕೆ ಪಂಪು? ನನ್ನಲ್ಲಿ ಊದುವವರು ಇದ್ದಾರೆ."

"ಬೆಡಿ ಬೇಕಾದ್ರೆ ಪಂಪೂ ಬೇಕು. ಇಲ್ಲದಿದ್ರೆ ಎರಡೂ ಇಲ್ಲ" ಎಂದರು ಸಂಕಪ್ಪಣ್ಣ. "ಇದರ ಚರ್ಮ ತೆಗೆದು ಅದಕ್ಕೆ ಹಾಕ್ಲಿಕ್ಕಿಲ್ಲ. ಬೆಡಿ ನಿಂತ್ರೆ ನಿಲ್ಲಲಿ. ಆ ದಿನ ಚರುಮುರಿ ಮಾರು."

"ಪಂಪಿನ ಚರ್ಮ ಬೆಡಿಗೆ ಹಾಕುವ ಬುದ್ಧಿ ಯಾರಿಗೆ ಬರ್ತದೆ ಮಾರಾಯ್ರೆ?" ಎಂದು ಶುಕೂರ್ ನಕ್ಕ.

"ನನಗೆ ಬಂತು" ಎಂದರು ಸಂಕಪ್ಪಣ್ಣ. "ನನ್ನದೇ ತಲೆ."

ಬಾಸಿಲ್ಲರ ಅಂಗಡಿಯಲ್ಲಿ ಹೇಳಿದ್ದೂ ಇದೇ ಮಾತು. ಈ ಸಲ ನಾನು ಕೆಮ್ಮಲಿಲ್ಲ.

ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರು, ಆಚೆ ನಾನು. ಐದು ವರ್ಷ ಅವರ ಮಡಿಲಲ್ಲಿ ಬೆಡಿಗಳ ಕಟ್ಟು ಇರುತ್ತಿತ್ತು. ಈಗ ಖಾಲಿ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಒಮ್ಮೆ ಮೊಣಕಾಲ ಮೇಲೆ, ಒಮ್ಮೆ ಮುಂದಿನ ಸೀಟಿನ ಕಂಬಿಯ ಮೇಲೆ ಇಡುತ್ತಿದ್ದರು. ಬಸ್ಸು ನೇತ್ರಾವತಿಯ ಸೇತುವೆಗೆ ಬಂತು. ಇನ್ನು ತಡೆಯಲಾಗಲಿಲ್ಲ.

"ಸಂಕಪ್ಪಣ್ಣ, ಆ ಚರ್ಮದ ಉಪಾಯ ಹೇಳಿದ್ದು ನಾನು. ನಿಮಗೆ ಮರೆತುಹೋಗಿರಬಹುದು."

"ಮರೆಯಲಿಲ್ಲ" ಎಂದರು, ಹೊಳೆಯನ್ನು ನೋಡುತ್ತಲೇ.

"ಮತ್ತೆ ಶುಕೂರನ ಹತ್ತಿರ ಯಾಕೆ..."

ಸೇತುವೆ ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿದರು.

"ಹೆಸರು ಬರುವಾಗ ನಿಮಗೆ ಕೊಡಲಿಲ್ಲ ಭಟ್ರೇ. ಈಗ ತಪ್ಪನ್ನು ಎಂತಕ್ಕೆ ಕೊಡೂದು?"